ಜಪಮಾಲೆ ಅಳೆದ ನದಿ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಲಕ್ಷ್ಮಣತೀರ್ಥದ ದಡದ ಹುಣಸೂರನ್ನು ಮುಟ್ಟಿ, ಅಲ್ಲಿಂದ ನಾಗರಹೊಳೆಯ ಕಾಡಿನ ದಿಕ್ಕಿಗೆ ಹೊರಳಿದರೆ ಗುರುಪುರ ಸಿಕ್ಕುತ್ತದೆ. ಒಂದು ಕಡೆ ಹೊಗೆಸೊಪ್ಪು, ಮುಸುಕಿನ ಜೋಳಗಳ ಹೊಲ. ಇನ್ನೊಂದು ಕಡೆ ಗಾಳಿಗೆ ಪಟಪಟನೆ ಬಡಿದುಕೊಳ್ಳುವ ಐದು ಬಣ್ಣದ ಮಂತ್ರಪತಾಕೆಗಳು. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ತರುವಾಯ, ಅವರ ಹಿಂದೆಯೇ ಮನೆಮಠಗಳನ್ನು ತೊರೆದು ಬಂದ ಟಿಬೆಟನ್ನರಿಗೆ ಮೈಸೂರು ರಾಜ್ಯವು 1960ರಲ್ಲಿ ಬೈಲುಕುಪ್ಪೆಯಲ್ಲಿ ನೆಲೆ ಕೊಟ್ಟಿತು. 1972ರಲ್ಲಿ ಗುರುಪುರದ ವಸತಿಯೂ ಆರಂಭವಾಯಿತು. 1433ರಲ್ಲಿ ಟಿಬೆಟಿನಲ್ಲಿ ಸ್ಥಾಪಿತವಾದ ಗ್ಯುಮೆ ತಾಂತ್ರಿಕ ವಿಹಾರವು ಇಂದು ತನ್ನ ಪಾಠಪ್ರವಚನಗಳನ್ನು ನಡೆಸುತ್ತಿರುವುದು ಈ ಹುಣಸೂರು ಸೀಮೆಯಲ್ಲಿಯೇ.

ಇಲ್ಲಿಯ ವೃದ್ಧರ ಕೈಯಲ್ಲಿ ಎರಡು ವಸ್ತುಗಳು ಸಾಮಾನ್ಯವಾಗಿ ಕಾಣುತ್ತವೆ. ಒಂದು, ನೂರೆಂಟು ಮಣಿಗಳ ಜಪಮಾಲೆ. ಮತ್ತೊಂದು, ಹಿಡಿಯ ಮೇಲೆ ಗಿರಗಿರನೆ ತಿರುಗುವ ಪ್ರಾರ್ಥನಾ ಚಕ್ರ. ಅದರ ಒಡಲಲ್ಲಿ ಮಂತ್ರವನ್ನು ಬರೆದ ಕಾಗದದ ಸುರುಳಿಯಿರುತ್ತದೆ. ಒಂದು ಸುತ್ತು ತಿರುಗಿಸಿದರೆ ಒಳಗಿನ ಮಂತ್ರವನ್ನೆಲ್ಲ ಒಂದು ಸಲ ಜಪಿಸಿದಂತೆ ಎಂಬುದು ಅವರ ನಂಬಿಕೆ. ಭಕ್ತಿಯ ಈ ಎರಡು ಸಾಧನಗಳೇ ನೂರೈವತ್ತು ವರ್ಷಗಳಿಗೂ ಹಿಂದೆ ಟಿಬೆಟನ್ನು ಅಳೆದ ಉಪಕರಣಗಳೂ ಆಗಿದ್ದುವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಗುರುಪುರದ ಹಿರಿಯರ ತಾಯ್ನಾಡಿನ ಮಹಾನದಿಯಾದ ತ್ಸಾಂಗ್ಪೊ ಭೂಪಟದ ಮೇಲೆ ಮೂಡಿದ್ದು ಹೀಗೆ. ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಅದೊಂದು ನೀಲಿ ಗೆರೆ. ಆ ಗೆರೆಯನ್ನು ಎಳೆಯಲು ಎಷ್ಟು ಕಾಲು ಸವೆದುವು, ಎಷ್ಟು ಬಾಳು ಸವೆದುವು ಎಂಬುದನ್ನು ಭೂಪಟ ಹೇಳುವುದಿಲ್ಲ.

ಬೆಂಗಳೂರಿನಲ್ಲಿ ಎಳೆದ ಮೊದಲ ಗೆರೆ

ಈ ಕಥೆಯ ಬೇರು ಕನ್ನಡ ನೆಲದಲ್ಲಿಯೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಕೈಗೆ ಬಂದ ಸೀಮೆ ಎಂಥದು, ಅದರಲ್ಲಿ ಹೊಳೆಯೆಷ್ಟು, ಕೆರೆಯೆಷ್ಟು, ದಾರಿಯೆಷ್ಟು ಎಂಬುದನ್ನು ತಿಳಿಯುವ ಅಗತ್ಯ ಇಂಗ್ಲಿಷರಿಗೆ ಒದಗಿತು. ಆ ಕಾರ್ಯಕ್ಕೆ ಇಬ್ಬರು ಎರಡು ಬಗೆಯಲ್ಲಿ ತೊಡಗಿದರು. ಕಾಲಿನ್ ಮೆಕೆಂಜಿ ಎಂಬಾತನು ಕಾವಲಿ ವೆಂಕಟ ಬೊರಯ್ಯ ಮೊದಲಾದ ದೇಶೀಯ ಪಂಡಿತರ ನೆರವಿನಿಂದ ಸುಮಾರು 40,000 ಚದರ ಮೈಲಿಯ ಮೈಸೂರು ಸೀಮೆಯ ಮೋಜಿಣಿಯನ್ನು ನಡೆಸಿದನು. ನಕ್ಷೆಯ ಜೊತೆಗೆ ಕೈಫಿಯತ್ತು, ಶಾಸನ, ಊರ ಹಿರಿಯರ ಬಾಯಿಮಾತು, ಎಲ್ಲವೂ ಅವನ ಸಂಗ್ರಹದಲ್ಲಿ ಸೇರಿದುವು. ಮುಂದೆ 1815ರಲ್ಲಿ ಆತನೇ ಸಮಗ್ರ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದನು.

ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. ಇವನ ಗುರಿ ಊರುಕೇರಿಗಳ ಲೆಕ್ಕಕ್ಕಿಂತ ದೊಡ್ಡದು: ಭೂಮಿಯ ಆಕಾರವನ್ನೇ ಅಳೆಯುವುದು. 1800ರಲ್ಲಿ ಅವನು ಬೆಂಗಳೂರಿನ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದನು. ಆ ಸರಪಳಿಗೂ ಒಂದು ಕಥೆಯಿದೆ. ಇಂಗ್ಲೆಂಡಿನ ದೊರೆ ಚೀನಾದ ಚಕ್ರವರ್ತಿಗೆ ಕಳುಹಿಸಿದ ಕಾಣಿಕೆಗಳಲ್ಲಿ ಅದೂ ಒಂದಾಗಿತ್ತು. ಅಲ್ಲಿ ಅದಕ್ಕೆ ಮನ್ನಣೆ ದೊರೆಯದೆ ಕಲ್ಕತ್ತೆಗೆ ಬಂದು, ಕಡೆಗೆ ಬೆಂಗಳೂರಿನ ಕೆಂಪು ಮಣ್ಣಿನ ಮೇಲೆ ಮಲಗಿತು.

ತ್ರಿಕೋನ ಮಾಪನದ ತತ್ವ ಸರಳವಾದುದು. ತ್ರಿಕೋನವೊಂದರ ಒಂದು ಬಾಹುವಿನ ಉದ್ದವೂ ಎರಡು ಕೋನಗಳೂ ತಿಳಿದರೆ ಉಳಿದೆರಡು ಬಾಹುಗಳನ್ನು ಲೆಕ್ಕದಿಂದಲೇ ಕಂಡುಕೊಳ್ಳಬಹುದು. ಹಾಗೆ ದೊರೆತ ಬಾಹುವನ್ನು ಆಧಾರವಾಗಿಟ್ಟು ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ನೆಲದ ಮೇಲೆ ಒಂದು ಗೆರೆಯನ್ನು ನಿಷ್ಕೃಷ್ಟವಾಗಿ ಅಳೆದವನು, ಬಳಿಕ ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿ ಹಾಯಿಸುತ್ತಲೇ ಒಂದು ಖಂಡವನ್ನು ಅಳೆಯಬಲ್ಲನು. 1802ರಲ್ಲಿ ಮದರಾಸಿನ ಬಳಿ ಮತ್ತೊಂದು ಆಧಾರರೇಖೆ ಸಿದ್ಧವಾಯಿತು. ತ್ರಿಕೋನಗಳು ಪೂರ್ವ ಕರಾವಳಿಯಿಂದ ಮೈಸೂರನ್ನು ಹಾದು ಮಂಗಳೂರಿನ ಕಡಲನ್ನು ಮುಟ್ಟಿದಾಗ, ಹಿಂದಿನ ಭೂಪಟಗಳು ಈ ಪರ್ಯಾಯದ್ವೀಪದ ಅಗಲವನ್ನು ನಲವತ್ತು ಮೈಲಿಯಷ್ಟು ಹೆಚ್ಚಾಗಿ ತೋರಿಸಿದ್ದುವೆಂಬುದು ಬಯಲಾಯಿತು.

ಲ್ಯಾಂಬ್ಟನ್ 1823ರಲ್ಲಿ ಕೆಲಸದ ನಡುವೆಯೇ ತೀರಿಕೊಂಡನು. ಅವನ ಕಾರ್ಯವನ್ನು ಜಾರ್ಜ್ ಎವರೆಸ್ಟ್ ಉತ್ತರಕ್ಕೆ ಒಯ್ದನು. ತ್ರಿಕೋನಗಳ ಸರಣಿ ವಿಂಧ್ಯವನ್ನು ದಾಟಿ, ಗಂಗೆಯ ಬಯಲನ್ನು ದಾಟಿ, ಹಿಮಾಲಯದ ಬುಡಕ್ಕೆ ಬಂದು ನಿಂತಿತು. 1856ರಲ್ಲಿ ಹದಿನೈದನೆಯ ಅಂಕಿಯ ಶಿಖರವು 29,002 ಅಡಿ ಎತ್ತರವಿದ್ದು ಜಗತ್ತಿನಲ್ಲಿಯೇ ಅತ್ಯುನ್ನತವಾದುದೆಂದು ಪ್ರಕಟವಾಯಿತು. ಅದೇ ಇಂದಿನ ಎವರೆಸ್ಟ್. ಶಿಖರಗಳನ್ನು ದೂರದಿಂದಲೇ ಅಳೆಯಬಹುದಾಗಿತ್ತು. ಆದರೆ ಶಿಖರಗಳ ಆಚೆ? ಅಲ್ಲಿ ಟಿಬೆಟ್ ಬಾಗಿಲು ಮುಚ್ಚಿಕೊಂಡು ಕುಳಿತಿತ್ತು. ಪರಕೀಯನು ಒಳಗೆ ಕಾಲಿಟ್ಟರೆ ಹಿಂದಕ್ಕೆ ಅಟ್ಟುತ್ತಿದ್ದರು. ಕೆಲವು ವೇಳೆ ಪ್ರಾಣಕ್ಕೂ ಕುತ್ತು ಬರುತ್ತಿತ್ತು.

ಕಣ್ಮರೆಯಾಗುವ ನೀರು

ಮುಚ್ಚಿದ ಆ ನಾಡಿನಲ್ಲಿ ಭೂಗೋಳಜ್ಞರನ್ನು ಕಾಡುತ್ತಿದ್ದ ಬಹು ದೊಡ್ಡ ಒಗಟು ತ್ಸಾಂಗ್ಪೊ. ಕೈಲಾಸ ಮಾನಸ ಸರೋವರಗಳ ಸೀಮೆಯಲ್ಲಿ ಹುಟ್ಟುವ ಈ ನದಿ ಹಿಮಾಲಯದ ಬೆನ್ನಿಗೆ ಬೆನ್ನು ಕೊಟ್ಟಂತೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಪೂರ್ವಕ್ಕೆ ಹರಿಯುತ್ತದೆ. ಅನಂತರ? ಕಡಿದಾದ ಬೆಟ್ಟಗಳ ನಡುವೆ ನುಗ್ಗಿ ಕಾಣದಾಗುತ್ತಿತ್ತು. ಇತ್ತ ಅಸ್ಸಾಮಿನ ಕಡೆ, ಕಾಡುಬೆಟ್ಟಗಳ ಒಳಗಿನಿಂದ ದಿಹಾಂಗ್ ಎಂಬ ಭಾರಿ ಹೊಳೆಯೊಂದು ಇಳಿದು ಬಂದು ಬ್ರಹ್ಮಪುತ್ರವಾಗುತ್ತಿತ್ತು. ಅತ್ತ ಬರ್ಮಾದಲ್ಲಿ ಐರಾವತಿ ಹರಿಯುತ್ತಿತ್ತು. ತ್ಸಾಂಗ್ಪೊ ಇವೆರಡರಲ್ಲಿ ಯಾವುದು?

ಫ್ರಾನ್ಸಿನ ಭೂಪಟಕಾರ ದಾನ್ವಿಲ್ ಹದಿನೆಂಟನೆಯ ಶತಮಾನದಲ್ಲಿ ಅದು ಐರಾವತಿ ಎಂದನು. ಬಂಗಾಳದ ನದಿಗಳನ್ನು ಅಳೆದ ಜೇಮ್ಸ್ ರೆನೆಲ್ ಅದು ಬ್ರಹ್ಮಪುತ್ರ ಎಂದನು. ನೂರು ವರ್ಷ ಕಳೆದರೂ ವಾದ ಮುಗಿಯಲಿಲ್ಲ. ಬ್ರಹ್ಮಪುತ್ರದ ಪಕ್ಷವನ್ನು ಹಿಡಿದವರಿಗೂ ಒಂದು ತೊಡಕಿತ್ತು. ಟಿಬೆಟಿನಲ್ಲಿ ಮೂರು ಸಾವಿರ ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ನೀರು ಅಸ್ಸಾಮಿನಲ್ಲಿ ಕಡಲಮಟ್ಟಕ್ಕಿಂತ ನೂರೈವತ್ತು ಮೀಟರಿನಷ್ಟು ಮಾತ್ರ ಮೇಲಿದೆ. ಅಷ್ಟು ಸ್ವಲ್ಪ ದೂರದಲ್ಲಿ ಅಷ್ಟು ಕೆಳಗೆ ಇಳಿಯಬೇಕಾದರೆ ನಡುವೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದಂಥ ಜಲಪಾತವಿರಬೇಕೆಂದು ಅನೇಕರು ಊಹಿಸಿದರು. ಜೋಗದ ಸಿರಿಯನ್ನು ಕಂಡ ಕನ್ನಡಿಗರಿಗೆ ಆ ಊಹೆಯ ಸೆಳೆತ ಅರ್ಥವಾಗುವಂಥದೇ. ಆದರೆ ಊಹೆಯಿಂದ ಭೂಪಟ ಆಗುವುದಿಲ್ಲ. ಯಾರಾದರೂ ನಡೆದು ನೋಡಿ ಬರಬೇಕಾಗಿತ್ತು.

ಉಪಾಧ್ಯಾಯನ ಹೆಜ್ಜೆ

ತ್ರಿಕೋನ ಮಾಪನ ಇಲಾಖೆಯ ಕ್ಯಾಪ್ಟನ್ ಮಾಂಟ್‌ಗೊಮರಿಗೆ ಒಂದು ಉಪಾಯ ಹೊಳೆಯಿತು. ಬಿಳಿಯರು ಹೋಗಲಾರದ ಕಡೆಗೆ ಗಡಿನಾಡಿನ ಭಾರತೀಯರು ವ್ಯಾಪಾರಿಗಳಾಗಿ, ಯಾತ್ರಿಕರಾಗಿ ಹೋಗಿಬರುತ್ತಿದ್ದರು. ಅವರಿಗೇ ಅಳೆಯುವ ವಿದ್ಯೆಯನ್ನು ಕಲಿಸಿದರೆ? ಕುಮಾವೂನಿನ ಜೋಹಾರ್ ಕಣಿವೆಯ ಮಿಲಮ್ ಗ್ರಾಮದ ನೈನ್ ಸಿಂಗ್ ಎಂಬ ಶಾಲಾ ಉಪಾಧ್ಯಾಯನೂ ಅವನ ದಾಯಾದಿ ಮಣಿ ಸಿಂಗನೂ 1863ರಲ್ಲಿ ಆಯ್ಕೆಯಾದರು. ನೈನ್ ಸಿಂಗನಿಗೆ ಆಗ ಮೂವತ್ತಮೂರು ವಯಸ್ಸು. ದೇರಾದೂನಿನಲ್ಲಿ ಎರಡು ವರ್ಷ ಅವನಿಗೆ ಪಾಠ ನಡೆಯಿತು. ಪಾಠದ ಮುಖ್ಯ ಭಾಗ ನಡಿಗೆ! ಏರಾಗಲಿ, ಇಳಿಜಾರಾಗಲಿ, ಮರಳಾಗಲಿ, ಹಿಮವಾಗಲಿ, ಎರಡು ಸಾವಿರ ಹೆಜ್ಜೆಗೆ ಸರಿಯಾಗಿ ಒಂದು ಮೈಲಿ ಆಗುವಂತೆ ಅವನ ಕಾಲುಗಳನ್ನು ಪಳಗಿಸಿದರು.

ಹೆಜ್ಜೆಯ ಲೆಕ್ಕವನ್ನು ಇಡಬೇಕಲ್ಲ? ಅದಕ್ಕೆ ಜಪಮಾಲೆ. ನೂರೆಂಟು ಮಣಿಗೆ ಬದಲಾಗಿ ನೂರೇ ಮಣಿ. ಪ್ರತಿ ಹತ್ತನೆಯ ಮಣಿ ತುಸು ದೊಡ್ಡದು. ನೂರು ಹೆಜ್ಜೆಗೆ ಒಂದು ಮಣಿಯನ್ನು ಸರಿಸಿದರೆ, ಮಾಲೆ ಒಂದು ಸುತ್ತು ಮುಗಿಯುವಾಗ ಹತ್ತು ಸಾವಿರ ಹೆಜ್ಜೆ, ಎಂದರೆ ಐದು ಮೈಲಿ. ಎಂಟು ಮಣಿ ಕಡಮೆಯಿದ್ದುದನ್ನು ದಾರಿಯಲ್ಲಿ ಎಣಿಸುವವರು ಯಾರು? ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಜೊತೆಗೆ ಅಂಕಿಗಳನ್ನು ಬರೆದ ಚೀಟಿಗಳು ಅಡಗಿದುವು. ಯಾರಾದರೂ ಸಮೀಪಕ್ಕೆ ಬಂದರೆ ಆತ ಚಕ್ರವನ್ನು ತಿರುಗಿಸುತ್ತ ಜಪದಲ್ಲಿ ಮುಳುಗಿದವನಂತೆ ನಡೆಯುತ್ತಿದ್ದನು; ಜಪ ಮಾಡುವವನನ್ನು ಮಾತಾಡಿಸುವ ಅವಿನಯ ಆ ನಾಡಿನಲ್ಲಿ ಇರಲಿಲ್ಲ. ಪೆಟ್ಟಿಗೆಯ ಕಳ್ಳತಳದಲ್ಲಿ ಸೆಕ್ಸ್ಟೆಂಟ್ ಎಂಬ ಕೋನಮಾಪಕ, ಊರುಗೋಲಿನಲ್ಲಿ ಉಷ್ಣಮಾಪಕ, ಮೇಣದಿಂದ ಬಾಯಿ ಮುಚ್ಚಿದ ಕವಡೆಗಳಲ್ಲಿ ಪಾದರಸ.

ಈ ಪಾದರಸಕ್ಕೆ ಏನು ಕೆಲಸವೆಂದು ಕೇಳಬಹುದು. ಬಟ್ಟಲಿಗೆ ಸುರಿದರೆ ಪಾದರಸದ ಮುಖ ಸಂಪೂರ್ಣ ಸಮತಲವಾಗಿ ನಿಲ್ಲುತ್ತದೆ. ಬೆಟ್ಟಗಳ ನಡುವೆ ದಿಗಂತ ಕಾಣದ ಕಡೆ ಅದೇ ದಿಗಂತ. ಅದರಲ್ಲಿ ಮೂಡಿದ ನಕ್ಷತ್ರದ ಪ್ರತಿಬಿಂಬಕ್ಕೂ ಆಕಾಶದ ನಕ್ಷತ್ರಕ್ಕೂ ನಡುವಿನ ಕೋನವನ್ನು ಅಳೆದರೆ ಆ ಸ್ಥಳದ ಅಕ್ಷಾಂಶ ತಿಳಿಯುತ್ತದೆ. ಎತ್ತರವನ್ನು ತಿಳಿಯಲು ಇನ್ನೂ ಸುಲಭವಾದ ಮಾರ್ಗವಿತ್ತು. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು ನೀರು ಕಡಮೆ ಉಷ್ಣದಲ್ಲಿಯೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಕಡಲ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಲ್ಹಾಸಾದಲ್ಲಿ 88 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಹೀಗಾಗಿ ಚಹದ ನೀರು ಕಾಯಿಸುವ ಪ್ರಯಾಣಿಕನು ಬೆಟ್ಟವನ್ನು ಅಳೆಯುತ್ತಿದ್ದಾನೆಂದು ಯಾರಿಗೂ ಸಂಶಯ ಬರಲಿಲ್ಲ.

1865ರಲ್ಲಿ ಹೊರಟ ನೈನ್ ಸಿಂಗ್ ನೇಪಾಳದ ಗಡಿಯಲ್ಲಿ ಒಮ್ಮೆ ಕಾವಲುಗಾರರಿಂದ ಹಿಂದಕ್ಕೆ ಕಳುಹಿಸಲ್ಪಟ್ಟು, ವೇಷ ಬದಲಿಸಿ ಮತ್ತೆ ನುಸುಳಿ, ವರ್ತಕರ ತಂಡವನ್ನು ಸೇರಿಕೊಂಡು 1866ರ ಜನವರಿಯಲ್ಲಿ ಲ್ಹಾಸಾವನ್ನು ಮುಟ್ಟಿದನು. ಕೈಯ ಹಣ ಕರಗಿದಾಗ ನೇಪಾಳಿ ವರ್ತಕರಿಗೆ ಲೆಕ್ಕ ಬರೆಯುವ ವಿದ್ಯೆಯನ್ನು ಹೇಳಿಕೊಟ್ಟು ಹೊಟ್ಟೆ ಹೊರೆದನು. ಬಾಲಕ ದಲೈಲಾಮಾರ ದರ್ಶನಕ್ಕೆ ಹೋಗಬೇಕಾಗಿ ಬಂದಾಗ, ಅವರು ತನ್ನ ಮನಸ್ಸಿನ ಗುಟ್ಟನ್ನು ತಿಳಿದುಬಿಟ್ಟರೆ ಗತಿಯೇನೆಂದು ನಡುಗಿದನು. ಅಪ್ಪಣೆಯಿಲ್ಲದೆ ನಗರಕ್ಕೆ ಬಂದ ಚೀನೀಯನೊಬ್ಬನ ತಲೆಯನ್ನು ಬೀದಿಯಲ್ಲಿ ಕಡಿದುದನ್ನು ಕಣ್ಣಾರೆ ಕಂಡ ಮೇಲೆ ಹೊರಗೆ ಸುಳಿಯುವುದನ್ನೇ ಕಡಮೆ ಮಾಡಿದನು. ಆ ವಸಂತದಲ್ಲಿ ನಗರವನ್ನು ಬಿಟ್ಟು, ತ್ಸಾಂಗ್ಪೊವಿನ ಕಣಿವೆಯನ್ನು ಹಿಡಿದು ಪಶ್ಚಿಮಕ್ಕೆ ಮಾನಸ ಸರೋವರದವರೆಗೆ ನಡೆದು, ತಾಯ್ನಾಡಿಗೆ ಮರಳಿದನು. ಸುಮಾರು 1,200 ಮೈಲಿ. ಇಪ್ಪತ್ತೈದು ಲಕ್ಷ ಹೆಜ್ಜೆ. 31 ಕಡೆಗಳ ಅಕ್ಷಾಂಶವೂ 33 ಕಡೆಗಳ ಎತ್ತರವೂ ಅವನ ಚೀಟಿಗಳಲ್ಲಿದ್ದುವು. ಲ್ಹಾಸಾಕ್ಕೆ ಅವನು ಕೊಟ್ಟ ಅಕ್ಷಾಂಶಕ್ಕೂ ಇಂದಿನ ಅಳತೆಗೂ ವ್ಯತ್ಯಾಸ ಅತ್ಯಲ್ಪ. ತ್ಸಾಂಗ್ಪೊವಿನ ಮೇಲಿನ ಹರಿವು ಹೀಗೆ ಮೊದಲ ಬಾರಿಗೆ ಅಳತೆಯ ನಕ್ಷೆಯಲ್ಲಿ ಕಾಣಿಸಿಕೊಂಡಿತು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕವನ್ನು ಕೊಟ್ಟಿತು. 2004ರಲ್ಲಿ ಭಾರತದ ಅಂಚೆ ಇಲಾಖೆ ಅವನ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು.

ಐದುನೂರು ಮರದ ತುಂಡುಗಳು

ಮೇಲಿನ ಹರಿವು ತಿಳಿಯಿತು. ಒಗಟು ಉಳಿದದ್ದು ಕೆಳಗಿನ ಹರಿವಿನಲ್ಲಿ. 1878ರ ಸುಮಾರಿಗೆ ಲೆಫ್ಟಿನೆಂಟ್ ಹಾರ್ಮನ್ ಅಸ್ಸಾಮಿನ ಹೊಳೆಗಳ ನೀರಿನ ಪ್ರಮಾಣವನ್ನು ಅಳೆದು ದಿಹಾಂಗ್ ಎಲ್ಲಕ್ಕಿಂತ ದೊಡ್ಡದೆಂದು ಕಂಡಿದ್ದನು. ಅಷ್ಟು ನೀರು ತ್ಸಾಂಗ್ಪೊವಿನದೇ ಇರಬೇಕೆಂಬ ಅವನ ತರ್ಕವನ್ನು ಸ್ಥಿರಪಡಿಸಲು ಒಂದು ಉಪಾಯವನ್ನು ಹೂಡಿದನು. ಟಿಬೆಟಿನಲ್ಲಿ ಗುರುತು ಮಾಡಿದ ಐದುನೂರು ಮರದ ತುಂಡುಗಳನ್ನು ದಿನಕ್ಕೆ ಐವತ್ತರಂತೆ ತ್ಸಾಂಗ್ಪೊವಿಗೆ ಎಸೆಯುವುದು. ಅಸ್ಸಾಮಿನಲ್ಲಿ ಕಾವಲಿದ್ದು ಅವು ತೇಲಿಬರುತ್ತವೆಯೇ ನೋಡುವುದು. ನದಿಯ ಒಗಟನ್ನು ನದಿಯ ಬಾಯಿಂದಲೇ ಬಿಡಿಸುವ ಯುಕ್ತಿ ಇದು.

1880ರಲ್ಲಿ ಈ ಕಾರ್ಯಕ್ಕೆ ಒಬ್ಬ ಲಾಮಾನನ್ನು ಕಳುಹಿಸಿದರು. ಅವನ ಸೇವಕನ ವೇಷದಲ್ಲಿ ಹೋದವನು ಕಿಂಥುಪ್. ಸಿಕ್ಕಿಮಿನವನು, ಡಾರ್ಜೀಲಿಂಗಿನಲ್ಲಿ ದರ್ಜಿಯ ಕೆಲಸ ಮಾಡುತ್ತಿದ್ದವನು. ಹಿಂದೊಮ್ಮೆ ನೇಮ್ ಸಿಂಗ್ ಎಂಬ ಮೋಜಿಣಿದಾರನೊಡನೆ ತ್ಸಾಂಗ್ಪೊವಿನ ಕೆಳಹರಿವಿನ ಕಡೆ ಹೋಗಿಬಂದಿದ್ದನು. ಓದುಬರಹ ಬಾರದು. ಮೈಕಟ್ಟು ಗಟ್ಟಿ, ನೆನಪು ಅದಕ್ಕಿಂತ ಗಟ್ಟಿ.

ಲಾಮಾನಿಗೆ ಕೆಲಸದ ಮೇಲೆ ಮನಸ್ಸಿರಲಿಲ್ಲ. ದಾರಿಯಲ್ಲಿ ಹಣವನ್ನು ಪೋಲುಮಾಡಿದನು. ಒಂದು ಊರಿನಲ್ಲಿ ಆತಿಥ್ಯ ಕೊಟ್ಟವನ ಹೆಂಡತಿಯ ಮೋಹದಲ್ಲಿ ಸಿಕ್ಕಿ ತಿಂಗಳುಗಟ್ಟಲೆ ಕುಳಿತನು. ಕಡೆಗೆ 1881ರಲ್ಲಿ ಒಂದು ಕೋಟೆಯ ಅಧಿಕಾರಿಗೆ ಕಿಂಥುಪ್‌ನನ್ನು ಗುಲಾಮನಾಗಿ ಮಾರಿ, ಹೇಳದೆ ಕೇಳದೆ ಓಡಿಹೋದನು. ಕಿಂಥುಪ್‌ನಿಗೆ ತಾನು ಮಾರಾಟವಾದ ಸಂಗತಿ ತಿಳಿದದ್ದು ಆಮೇಲೆ.

ತಿಂಗಳುಗಳ ದಾಸ್ಯದ ಬಳಿಕ 1882ರಲ್ಲಿ ಅವನು ತಪ್ಪಿಸಿಕೊಂಡನು. ಮನೆಗೆ ಮರಳುವ ದಾರಿ ಅವನಿಗೆ ಗೊತ್ತಿತ್ತು. ಒಪ್ಪಂದವನ್ನು ಮುರಿದವನು ಲಾಮಾ. ಕಿಂಥುಪ್ ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆತ ಹಿಡಿದದ್ದು ನದಿಯ ಕೆಳಗಿನ ದಾರಿಯನ್ನು. ಬೆನ್ನಟ್ಟಿ ಬಂದ ಆಳುಗಳಿಂದ ಪಾರಾಗಲು ಮಾರ್ಪುಂಗ್ ಎಂಬಲ್ಲಿಯ ವಿಹಾರದ ಹಿರಿಯ ಲಾಮಾನ ಕಾಲಿಗೆ ಬಿದ್ದನು. ಆ ಹಿರಿಯನು ಐವತ್ತು ರೂಪಾಯಿ ಕೊಟ್ಟು ಅವನನ್ನು ಕೊಂಡುಕೊಂಡನು. ಒಡೆಯ ಬದಲಾದನು, ದಾಸ್ಯ ಬದಲಾಗಲಿಲ್ಲ. ಕೆಲವು ತಿಂಗಳ ಮೇಲೆ ತೀರ್ಥಯಾತ್ರೆಗೆಂದು ರಜೆ ಬೇಡಿ ಹೋದ ಕಿಂಥುಪ್ ಕಾಡಿನಲ್ಲಿ ಒಂದೊಂದು ಅಡಿ ಉದ್ದದ ಐದುನೂರು ತುಂಡುಗಳನ್ನು ಕಡಿದು, ಗವಿಯೊಂದರಲ್ಲಿ ಬಚ್ಚಿಟ್ಟು, ಮತ್ತೆ ಬಂದು ಚಾಕರಿಗೆ ನಿಂತನು.

ಕೂಡಲೇ ನೀರಿಗೆ ಎಸೆದರೆ ಫಲವಿಲ್ಲ. ಅಸ್ಸಾಮಿನಲ್ಲಿ ನೋಡುವವರಿಗೆ ದಿನ ತಿಳಿದಿರಬೇಕು. ಮತ್ತೊಮ್ಮೆ ಯಾತ್ರೆಯ ನೆಪ ಹೇಳಿ ಅವನು ಲ್ಹಾಸಾಕ್ಕೆ ನಡೆದನು. ಅಲ್ಲಿ ಸಿಕ್ಕಿಮಿನವನೊಬ್ಬನ ಕೈಯಲ್ಲಿ ಪತ್ರ ಬರೆಯಿಸಿ, ಮುಂದಿನ ವರ್ಷ ಟಿಬೆಟನ್ ಪಂಚಾಂಗದ ಹತ್ತನೆಯ ತಿಂಗಳಿನ ಇಂಥ ದಿನಗಳಂದು ತುಂಡುಗಳನ್ನು ಬಿಡುವೆನೆಂದು ಡಾರ್ಜೀಲಿಂಗಿಗೆ ತಿಳಿಸಿದನು. ಆಮೇಲೆ? ಲ್ಹಾಸಾದಿಂದ ಮನೆಯ ದಾರಿ ತೆರೆದಿತ್ತು. ಆದರೂ ಮಾರ್ಪುಂಗಿಗೆ ಹಿಂದಿರುಗಿ ಒಂಬತ್ತು ತಿಂಗಳು ದುಡಿದನು. ಅವನ ಭಕ್ತಿಯನ್ನು ಮೆಚ್ಚಿ ಹಿರಿಯ ಲಾಮಾ ಅವನನ್ನು ಬಿಡುಗಡೆ ಮಾಡಿದನು. ಗೊತ್ತಾದ ದಿನ ಬಂದಾಗ ಕಿಂಥುಪ್ ನದಿಯ ದಡದಲ್ಲಿ ನಿಂತು ದಿನಕ್ಕೆ ಐವತ್ತರಂತೆ ಹತ್ತು ದಿನ ಐದುನೂರು ತುಂಡುಗಳನ್ನೂ ನೀರಿಗೆ ಬಿಟ್ಟನು.

ಅಸ್ಸಾಮಿನಲ್ಲಿ ನೋಡುವವರು ಯಾರೂ ಇರಲಿಲ್ಲ. ಪತ್ರ ಸಕಾಲದಲ್ಲಿ ತಲುಪಬೇಕಾದವರ ಕೈಗೆ ತಲುಪಲಿಲ್ಲ. ಹಾರ್ಮನ್ ಕಾಯಿಲೆಯಿಂದ ಭಾರತವನ್ನು ಬಿಟ್ಟಿದ್ದನು, 1883ರಲ್ಲಿ ತೀರಿಕೊಂಡನು. ದೀರ್ಘ ದಾಸ್ಯದ ಫಲವಾದ ಆ ಮರದ ತುಂಡುಗಳು ಬ್ರಹ್ಮಪುತ್ರದ ಹರವಿನಲ್ಲಿ ತೇಲಿ, ಯಾರ ಕಣ್ಣಿಗೂ ಬೀಳದೆ ಕಡಲ ಕಡೆಗೆ ಸಾಗಿಹೋದುವು.

ಮೂವತ್ತು ವರ್ಷದ ಮೌನ

ಕಿಂಥುಪ್ ನದಿಯ ಜಾಡಿನಲ್ಲಿಯೇ ಕೆಳಗಿಳಿದು ಭಾರತವನ್ನು ಸೇರಲು ಯತ್ನಿಸಿದನು. ಗಡಿ ಇನ್ನು ಸುಮಾರು ಮೂವತ್ತೈದು ಮೈಲಿಯಿದೆ ಎನ್ನುವಾಗ ಮುಂದಿನ ಗುಡ್ಡಗಾಡಿನ ಜನರ ಭಯದಿಂದ ಹಿಂದಿರುಗಿ, ಲ್ಹಾಸಾವನ್ನು ಸುತ್ತಿ, 1884ರ ನವೆಂಬರಿನಲ್ಲಿ ಡಾರ್ಜೀಲಿಂಗನ್ನು ಮುಟ್ಟಿದನು. ಅಷ್ಟರಲ್ಲಿ ಅವನ ತಾಯಿ ಗತಿಸಿದ್ದಳು. ಬರೆಯಲು ಬಾರದ ಅವನು ಕಂಡುದನ್ನೆಲ್ಲ ನೆನಪಿನಿಂದ ಹೇಳಿದನು. ಎರಡು ವರ್ಷಗಳ ಮೇಲೆ ಅದನ್ನು ಬರೆದುಕೊಂಡರು, ಇಂಗ್ಲಿಷಿಗೆ ತಿರುಗಿಸಿದರು. ಯಾವ ಊರಾದ ಮೇಲೆ ಯಾವ ಊರು, ಎಲ್ಲಿ ಹಗ್ಗದ ಸೇತುವೆ, ಎಲ್ಲಿ ನದಿ ಯಾವ ಕಡೆಗೆ ತಿರುಗುತ್ತದೆ, ಎಲ್ಲವೂ ಅದರಲ್ಲಿತ್ತು. ಅನೇಕ ಪಂಡಿತರು ಅದನ್ನು ನಂಬಲಿಲ್ಲ. ಅಳತೆಯ ಉಪಕರಣವಿಲ್ಲದ, ಅಕ್ಷರ ಬಾರದ ದರ್ಜಿಯೊಬ್ಬನ ಮಾತಿಗೆ ಭೂಗೋಳಶಾಸ್ತ್ರದಲ್ಲಿ ಏನು ಬೆಲೆ? ಅವನು ತನ್ನ ಸೂಜಿದಾರಕ್ಕೆ ಮರಳಿದನು.

ನೈನ್ ಸಿಂಗನ ಬಂಧುವೇ ಆದ ಕಿಷನ್ ಸಿಂಗ್ 1878ರಿಂದ 1882ರವರೆಗೆ ಟಿಬೆಟಿನ ಉತ್ತರಪೂರ್ವಗಳನ್ನು ಸುತ್ತಿ ಬಂದಿದ್ದನು. ನದಿಯ ಪೂರ್ವಕ್ಕಿರುವ ಸೀಮೆಯಿಂದ ಲ್ಹಾಸಾದ ಕಡೆಗೆ ಬರುವಾಗ ಅವನು ತ್ಸಾಂಗ್ಪೊವನ್ನು ಎಲ್ಲಿಯೂ ದಾಟಲಿಲ್ಲ. ಆದ್ದರಿಂದ ಅದು ಐರಾವತಿಯ ಕಡೆಗೆ ಹೋಗುವುದು ಅಸಾಧ್ಯವೆಂದಾಯಿತು. ಹೀಗೆ ಸಾಕ್ಷ್ಯದ ಮೇಲೆ ಸಾಕ್ಷ್ಯ ಕೂಡಿತಾದರೂ, ಕಮರಿಯ ಒಳಗನ್ನು ನೋಡಿದ ಒಬ್ಬನೇ ಒಬ್ಬನ ಮಾತು ಮಾತ್ರ ಅನುಮಾನದಲ್ಲಿಯೇ ಉಳಿಯಿತು.

1913ರಲ್ಲಿ ಬೇಲಿ, ಮೋರ್ಸ್‌ಹೆಡ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಅಸ್ಸಾಮಿನ ಕಡೆಯಿಂದ ಹತ್ತಿ ಆ ಸೀಮೆಯನ್ನು ಹೊಕ್ಕರು. ಕಿಂಥುಪ್ ಹೇಳಿದ ಊರುಗಳು ಹೇಳಿದಲ್ಲಿಯೇ ಇದ್ದುವು. 7,782 ಮೀಟರಿನ ನಮ್ಚಾ ಬರ್ವಾ, 7,294 ಮೀಟರಿನ ಗ್ಯಾಲಾ ಪೆರಿ, ಈ ಎರಡು ಮಹಾಶಿಖರಗಳ ಸಂದಿನಲ್ಲಿ ನದಿ ನುಗ್ಗಿ, ದೊಡ್ಡ ಕೊಂಡಿಯಂತೆ ಬಾಗಿ, ದಕ್ಷಿಣಕ್ಕೆ ಹೊರಳಿ ದಿಹಾಂಗ್ ಆಗುತ್ತದೆ. ಆ ಇಕ್ಕಟ್ಟಿನಲ್ಲಿ ಎರಡು ಸಾವಿರ ಮೀಟರಿಗೂ ಹೆಚ್ಚು ಇಳಿಯುತ್ತದೆ, ಒಂದೇ ಜಲಪಾತವಾಗಿ ಬಾರದೆ, ಮೈಲಿಮೈಲಿಗೂ ಕಲ್ಲಿಗೆ ಅಪ್ಪಳಿಸುತ್ತ. ಕಿಂಥುಪ್‌ನ ವರದಿಯಲ್ಲಿ ನದಿಯ ಮೇಲೆಯೇ ಇದೆಯೆಂದು ಬರೆದಿದ್ದ 150 ಅಡಿಯ ಜಲಪಾತ ನಿಜವಾಗಿ ಪಕ್ಕದ ಸಣ್ಣ ತೊರೆಯೊಂದರದು. ಬರೆದುಕೊಳ್ಳುವಾಗಲೋ ತಿರುಗಿಸುವಾಗಲೋ ಎರಡು ಸ್ಥಳಗಳು ಒಂದಾಗಿದ್ದುವು. ಉಳಿದಂತೆ ಅವನ ನೆನಪು ಬೇಲಿಯನ್ನು ಬೆರಗುಗೊಳಿಸಿತು.

ಬೇಲಿ ಅವನನ್ನು ಹುಡುಕಿಸಿದನು. 1914ರಲ್ಲಿ ಮುಪ್ಪಾದ ಕಿಂಥುಪ್ ಪತ್ತೆಯಾದನು. ಪಿಂಚಣಿ ಕೊಡಬೇಕೆಂದು ಬೇಲಿ ವಾದಿಸಿದನು. ಸರ್ಕಾರವು ಒಂದು ಸಾವಿರ ರೂಪಾಯಿಯ ಇನಾಮನ್ನು ಕೊಟ್ಟು ಮುಗಿಸಿತು. ಕಿಂಥುಪ್ ಹೆಚ್ಚು ಕಾಲ ಬದುಕಲಿಲ್ಲ. ತನ್ನ ಮಾತು ಸತ್ಯವೆಂದು ಲೋಕ ಒಪ್ಪಿದ್ದನ್ನು ಕೇಳಿ ಕಣ್ಮುಚ್ಚಿದನೆಂಬುದಷ್ಟೇ ಸಮಾಧಾನ.

ನಕ್ಷೆಯ ನೆರಳು

ಈ ಸಾಹಸಗಳನ್ನು ಕೊಂಡಾಡುವಾಗ ಇನ್ನೊಂದು ಮುಖವನ್ನು ಮರೆಯುವುದು ನ್ಯಾಯವಲ್ಲ. ಮಂತ್ರವಿರಬೇಕಾದ ಚಕ್ರದಲ್ಲಿ ಅಂಕಿಗಳನ್ನು ಅಡಗಿಸಿ ನಡೆದದ್ದು, ಬೇಡವೆಂದ ಮನೆಯನ್ನು ಹಿಂಬಾಗಿಲಿನಿಂದ ಹೊಕ್ಕಂತೆ. ಅದರ ಬೆಲೆಯನ್ನು ತೆತ್ತವರು ಬಹುಮಟ್ಟಿಗೆ ಅಲ್ಲಿಯವರೇ. ಶರಚ್ಚಂದ್ರ ದಾಸ್ ಎಂಬ ಬಂಗಾಳಿ ವಿದ್ವಾಂಸನು ಹೀಗೆಯೇ ಗುಟ್ಟಾಗಿ ಹೋಗಿಬಂದ ಸಂಗತಿ ಬಯಲಾದಾಗ, ಅವನಿಗೆ ಆಶ್ರಯ ಕೊಟ್ಟಿದ್ದ ಸೆಂಗ್‌ಚೆನ್ ಲಾಮಾನನ್ನು 1880ರ ದಶಕದಲ್ಲಿ ನದಿಯಲ್ಲಿ ಮುಳುಗಿಸಿ ಕೊಂದರು. 1903-04ರಲ್ಲಿ ಯಂಗ್‌ಹಸ್ಬೆಂಡನ ದಂಡು ಲ್ಹಾಸಾದ ಮೇಲೆ ನಡೆದಾಗ ಬಾಗಿಲು ಬಂದೂಕಿನಿಂದಲೇ ತೆರೆಯಿತು. ಮೈಸೂರಿನ ಮೋಜಿಣಿಯೂ ಯುದ್ಧದ ಬೆನ್ನಿಗೇ ಬಂದುದಲ್ಲವೇ? ನಕ್ಷೆ ಜ್ಞಾನವೂ ಹೌದು, ಅಧಿಕಾರವೂ ಹೌದು. ಅದನ್ನು ಮಾಡಿದವನ ಪ್ರಾಮಾಣಿಕತೆ ಒಂದು, ಮಾಡಿಸಿದವನ ಉದ್ದೇಶ ಮತ್ತೊಂದು.

ಇಂದು ಕೃತಕ ಉಪಗ್ರಹಗಳು ಆಕಾಶದಿಂದ ಕಣಿವೆಯ ಮೂಲೆಮೂಲೆಯನ್ನೂ ನೋಡುತ್ತವೆ. ಆದರೂ ಆ ಕಮರಿ ಬಹುಕಾಲ ತನ್ನ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಅದರ ಒಡಲಿನಲ್ಲಿ ನೂರು ಅಡಿಗೂ ಮಿಕ್ಕಿದ ಜಲಪಾತವೊಂದನ್ನು ಅನ್ವೇಷಕರು ಸಮೀಪದಿಂದ ಕಂಡು ಅಳೆದದ್ದು 1998ರಲ್ಲಿ. 2000ದ ಏಪ್ರಿಲಿನಲ್ಲಿ ಟಿಬೆಟಿನ ಯಿಗೊಂಗ್ ಎಂಬ ಉಪನದಿಗೆ ಬೆಟ್ಟ ಕುಸಿದು ನೀರು ಕಟ್ಟಿಕೊಂಡಿತು; ಜೂನಿನಲ್ಲಿ ಆ ಒಡ್ಡು ಒಡೆದಾಗ ಅರುಣಾಚಲ ಪ್ರದೇಶದ ಸೇತುವೆಗಳು ಕೊಚ್ಚಿಹೋದುವು. ಮೇಲಿನದೂ ಕೆಳಗಿನದೂ ಒಂದೇ ನದಿಯೆಂಬುದಕ್ಕೆ ಕಿಂಥುಪ್ ಮರದ ತುಂಡುಗಳಿಂದ ಕೊಡಬೇಕೆಂದಿದ್ದ ಸಾಕ್ಷ್ಯವನ್ನು ಆ ವರ್ಷ ನೆರೆಯೇ ಕೊಟ್ಟಿತು. 2025ರ ಜುಲೈಯಲ್ಲಿ ಚೀನಾ ದೇಶವು ಈ ನದಿಯ ಕೆಳಹರಿವಿನಲ್ಲಿ ಬೃಹತ್ತಾದ ಜಲವಿದ್ಯುತ್ ಯೋಜನೆಯ ಕಾಮಗಾರಿಯನ್ನು ಆರಂಭಿಸಿತು. ಕೆಳಗಿನ ನಾಡುಗಳಾದ ಭಾರತ, ಬಾಂಗ್ಲಾದೇಶಗಳಲ್ಲಿ ಅದು ಕಳವಳವನ್ನು ಹುಟ್ಟಿಸಿದೆ. ಮೇಲಿನವರು ಕಟ್ಟಿದರೆ ಕೆಳಗಿನವರ ಗತಿಯೇನೆಂಬ ಪ್ರಶ್ನೆ ಕಾವೇರಿಯ ಮಕ್ಕಳಿಗೆ ಹೊಸದಲ್ಲ. 1892ರ, 1924ರ ಒಪ್ಪಂದಗಳ ಕಾಲದಿಂದಲೂ ಅದು ಮನೆಮಾತು.

ಗುರುಪುರದಲ್ಲಿ ಹುಟ್ಟಿ ಬೆಳೆದ ತಲೆಮಾರಿಗೆ ಕಣ್ಣೆದುರಿನ ನದಿ ಲಕ್ಷ್ಮಣತೀರ್ಥ. ಬ್ರಹ್ಮಗಿರಿಯಲ್ಲಿ ಹುಟ್ಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರುವ ಸಣ್ಣ ಹೊಳೆ. ಅಜ್ಜಅಜ್ಜಿಯರ ತ್ಸಾಂಗ್ಪೊ ಅವರ ಪಾಲಿಗೆ ಬಹುಮಟ್ಟಿಗೆ ಭೂಪಟದ ನದಿ. ಒಂದು ಕಾಲಕ್ಕೆ ಅವರ ನಾಡನ್ನು ಪರರಿಗೆ ಬಯಲು ಮಾಡಿದ ನೀಲಿ ಗೆರೆಯೇ ಈಗ ಅವರಿಗೆ ಆ ನಾಡಿನ ನೆನಪನ್ನು ಕಾಯುತ್ತಿರುವುದು ಇತಿಹಾಸದ ವಿಚಿತ್ರಗಳಲ್ಲಿ ಒಂದು.

ಭೂಪಟದ ಮೇಲೆ ಅದನ್ನು ಮಾಡಿಸಿದ ಇಲಾಖೆಯ ಮುದ್ರೆಯಿರುತ್ತದೆ. ಹೆಜ್ಜೆ ಎಣಿಸಿದವನ ಹೆಸರು ಇರುವುದಿಲ್ಲ. ಲ್ಯಾಂಬ್ಟನ್ನನ ಬಳಿ ಉಕ್ಕಿನ ಸರಪಳಿಯಿತ್ತು, ನೈನ್ ಸಿಂಗನ ಬಳಿ ಜಪಮಾಲೆಯಿತ್ತು. ಕಿಂಥುಪ್‌ನ ಬಳಿ ಇದ್ದುದು ಕೊಟ್ಟ ಮಾತು ಒಂದೇ. ಯಾರೂ ನೋಡದ ದಡದಲ್ಲಿ ನಿಂತು ಐದುನೂರನೆಯ ತುಂಡನ್ನೂ ತಪ್ಪದೆ ನೀರಿಗೆ ಬಿಟ್ಟವನ ಅಳತೆ ಸುಳ್ಳಾಗಲಾರದೆಂಬುದನ್ನು ತಿಳಿಯಲು ಲೋಕಕ್ಕೆ ಮೂವತ್ತು ವರ್ಷ ಬೇಕಾಯಿತು.